ಬಡಗಿ ತಾತ ಮನೆಯಲ್ಲಿಲ್ಲ

ಮನೆ, ಹೊಲಿಗೆ ಮೆಷಿನ್ನಿನ ಪಕ್ಕ
ಡಿಸೆಂಬರ್ ೬, ಭಾನುವಾರ

ಪ್ರೀತಿಯ ನಮ್ಮ ಮನೆಯವರಿಗೆ,

ದೇವರು ನಿಮ್ಮನ್ನು ಚೆನ್ನಾಗಿ ಇಟ್ಟಿರಲಿ. ಮಂಡಿ ಹೇಗಿದೆ ರೀ? ನೆಲದ ಮೇಲೆ ಮಲಗಬೇಡಿ. ಮೈದುನನಿಗೆ ಹೇಳಿ ಒಂದು ಮಂಚ ಹಾಕಿಸಿಕೊಳ್ಳಿ. ಬಡಗಿಯ ತಮ್ಮನ ಮನೆಯಲ್ಲಿ ಮಂಚಕ್ಕೆ ಬರ ಎಂದರೆ ಕೇಳಿದವರು ನಗುತ್ತಾರೆ. ಕೆಮ್ಮು ಇಳಿದಿದೆಯೆ? ಮಫ್ಲರನ್ನು ಮರೆತು ಹೋದದ್ದಲ್ಲ, ನಾನು ಹೆಣೆದದ್ದೆಂದು ಬೇಕೆಂದೇ ಗೂಟದಲ್ಲಿ ಬಿಟ್ಟು ಹೋದಿರಿ, ನನಗೆ ಗೊತ್ತು. ಓರಗಿತ್ತಿ ಟೀಗೆ ಹಾಲು ಹಾಕುತ್ತಾಳೋ, ಇಲ್ಲ ಹಾಲಿನ ಪಾತ್ರೆ ತೋರಿಸಿ ಒಳಗಿಟ್ಟುಬಿಡುತ್ತಾಳೋ? ಅವಳಿಗೆ ಈ ಕಾಗದ ಓದಿ ಹೇಳಬೇಡಿ. ನಾನು ಚೆನ್ನಾಗಿದ್ದೇನೆ. ಬಿ.ಪಿ. ಇದ್ದಲ್ಲೇ ಇದೆ, ಸಮಿತಿಯ ಸಭೆ ಇರುವ ದಿನ ಮಾತ್ರ ಮಾಳಿಗೆ ಹತ್ತುತ್ತದೆ. ಇವತ್ತು ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದ ಎರಡನೆಯ ಭಾನುವಾರವಲ್ಲವೆ, ಪೂಜೆಗೆ ಹೋಗಿ ನಿಮ್ಮ ಹೆಸರಿನಲ್ಲಿ ಒಂದು ಮೇಣದಬತ್ತಿ ಹಚ್ಚಿ ಬಂದೆ. ಸಣ್ಣದು. ದೊಡ್ಡದನ್ನು ನೀವು ಬಂದ ಮೇಲೆ ಹಚ್ಚುತ್ತೇನೆ.

ಕಾಗದ ಯಾಕೆ ಬರೆಯುತ್ತಿದ್ದೇನೆ ಎಂದರೆ, ಫೋನ್ ಮಾಡಿದರೆ ನೀವು ಎರಡು ಸಲ ‘ಹೂಂ’ ಎಂದು ಅದನ್ನು ಮೈದುನನ ಕೈಗೆ ಕೊಟ್ಟು ಹಿತ್ತಲಿಗೆ ನಡೆಯುತ್ತೀರಿ. ಕಾಗದವಾದರೆ ಮಧ್ಯದಲ್ಲಿ ಬಾಯಿ ಮುಚ್ಚಿಸಲು ಆಗುವುದಿಲ್ಲ. ತಮ್ಮನ ಮನೆಗೆ ಕಿಟಕಿಯ ಚೌಕಟ್ಟು ಕೂರಿಸಿ ಬರುತ್ತೇನೆ ಎಂದು ಹೋದವರು ನೀವು. ಇಷ್ಟು ದಿನ ಕೂರಿಸುವಷ್ಟು ಕಿಟಕಿ ಇರಲು ಅದೇನು ಅರಮನೆಯೆ? ಈಗ ಕ್ರಿಸ್‌ಮಸ್‌ಗೂ ಬರುವುದಿಲ್ಲ, ಹೊಸ ವರ್ಷ ಕಳೆಯಲಿ ನೋಡೋಣ ಎಂದು ಮೈದುನನ ಬಾಯಲ್ಲಿ ಹೇಳಿ ಕಳಿಸಿದ್ದೀರಿ. ನೀವು ಯಾಕೆ ಹೋದಿರಿ ಎಂಬುದು ನನಗೂ ಗೊತ್ತು, ಈ ಮನೆಯ ಗೋಡೆಗೂ ಗೊತ್ತು. ಶಾಲೆಯ ಕ್ರಿಸ್‌ಮಸ್ ಮೇಳದ ಸಮಿತಿಯ ಚೀಟಿ ನಮ್ಮ ಬಾಗಿಲಿಗೆ ಬಂದ ಮಾರನೆಯ ದಿನವೇ ನಿಮಗೆ ತಮ್ಮನ ಕಿಟಕಿ ನೆನಪಾಯಿತು. ಆದರೆ ಉಪಕರಣದ ಪೆಟ್ಟಿಗೆ ತೆಗೆದುಕೊಂಡು ಹೋದವರು ಸಣ್ಣ ಗರಗಸವನ್ನು ಮೊಳೆಯಲ್ಲೇ ಬಿಟ್ಟು ಹೋಗಿದ್ದೀರಿ. ಮುಟ್ಟಿದರೆ ಕೈ ಮುರಿಯುತ್ತೇನೆ ಎಂದು ನನ್ನ ಮೇಲೆ ಕೂಗಾಡುವಂಥ ಗರಗಸ ಅದು. ಅದನ್ನು ಬಿಟ್ಟು ಹೋಗುವ ಮನುಷ್ಯ ಪೂರ್ತಿ ಹೋಗಿರುವುದಿಲ್ಲ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೇನೆ.

ಸಮಿತಿಯ ಸುದ್ದಿ ಹೇಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ, ಕೇಳಿ. ಈ ಸಲ ಮೇಳದಲ್ಲಿ ಸೇರುವ ದುಡ್ಡು ಶಾಲೆಯ ಸೂರಿಗೆ. ಎರಡನೆಯ ತರಗತಿಯಲ್ಲಿ ಸೋರುವ ಜಾಗಕ್ಕೆ ಇಟ್ಟ ಬಕೆಟ್ಟು ಈಗ ಆ ತರಗತಿಯ ಮಗುವೇ ಆಗಿಬಿಟ್ಟಿದೆ. ಹಾಜರಿ ಕರೆಯುವಾಗ ಅದನ್ನೂ ಕರೆಯಿರಿ ಎಂದು ಮಕ್ಕಳು ಟೀಚರನ್ನು ಗೋಳುಹೊಯ್ದುಕೊಳ್ಳುತ್ತಾರಂತೆ. ಸಮಿತಿಯಲ್ಲಿ ಸೂರಿನ ಬಗ್ಗೆ ಎಷ್ಟು ಮಾತಾಯಿತು ಗೊತ್ತೆ? ಪಾಪ, ದೊಡ್ಡ ಟೀಚರ್ ಒಂದು ಸಲ ಬಾಯಿ ತೆರೆದರು. ಅಷ್ಟರಲ್ಲಿ ಕೇಕ್ ಬಂತು. ಅಲ್ಲಿಗೆ ಮುಗಿಯಿತು. ಆಮೇಲೆ ಆ ಹೆಂಗಸು ಕೈಚೀಲವನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದು ಕೂತವರು ಸಭೆ ಮುಗಿಯುವವರೆಗೆ ಅಲುಗಲಿಲ್ಲ. ನನ್ನನ್ನು ಯಾಕೆ ಸಮಿತಿಗೆ ಸೇರಿಸಿಕೊಂಡಿದ್ದಾರೆ ಎಂದು ನೀವು ಕೇಳಬಹುದು. ಚರ್ಚಿನ ಹಾಲ್‌ನ ಬೀಗದ ಕೈ ನನ್ನ ಸೆರಗಿನಲ್ಲಿದೆ, ಅದಕ್ಕೆ. ನಾನು ಹೋಗದಿದ್ದರೆ ಇವರೆಲ್ಲ ಮೆಟ್ಟಿಲ ಮೇಲೆ ಕೂತು ಸಭೆ ನಡೆಸಬೇಕು. ಒಂದು ಸಲ ಬೇಕೆಂದೇ ತಡವಾಗಿ ಹೋದೆ. ಬಿಸಿಲಲ್ಲಿ ನಿಂತ ದೊಡ್ಡವರನ್ನು ನೋಡುವುದು ಒಳ್ಳೆಯ ನೋಟ ರೀ, ಪಾಪ ಬಂದರೂ ಬರಲಿ.

ಅಧ್ಯಕ್ಷರು ಈ ಸಲವೂ ಸೋಫಾ ಅಂಗಡಿಯವರೇ. ಮೊದಲ ಸಭೆಯಲ್ಲಿ ಎಲ್ಲರೂ ಶಾಲೆಯಿಂದ ತಂದ ಒಂದನೆಯ ತರಗತಿಯ ಪುಟ್ಟ ಕುರ್ಚಿಗಳ ಮೇಲೆ ಕೂತೆವು. ಅವರ ಮಂಡಿ ಕಿವಿಯ ಹತ್ತಿರಕ್ಕೆ ಬಂದಿತ್ತು. ಅಧ್ಯಕ್ಷಗಿರಿಗೆ ಅವಮಾನ ಎನ್ನಿಸಿರಬೇಕು, ಎರಡನೆಯ ಸಭೆಗೆ ಅಂಗಡಿಯಿಂದ ಸೋಫಾ ಹೊತ್ತು ತಂದರು. ಪ್ಲಾಸ್ಟಿಕ್ ಕವರ್ ಸಮೇತ. ‘ಕವರ್ ಮಾತ್ರ ತೆಗೀಬೇಡಿ, ನಾಳೆ ಗಿರಾಕಿ ನೋಡೋಕೆ ಬರ್ತಾರೆ’ ಅಂದರು. ಕೂತವರೆಲ್ಲ ಜಾರುತ್ತಾ, ಹಿಂದಕ್ಕೆ ಸರಿದು ಕೂರುತ್ತಾ, ಮತ್ತೆ ಜಾರುತ್ತಾ ಬಡ ಮಕ್ಕಳ ಬಗ್ಗೆ ಮರುಕಪಟ್ಟರು. ನಾನು ಪುಟ್ಟ ಕುರ್ಚಿಯನ್ನೇ ಎಳೆದುಕೊಂಡೆ. ನೀವು ಕಾಲು ಕೂರಿಸಿಕೊಟ್ಟ ಕುರ್ಚಿ ಅದು, ನನ್ನ ತೂಕಕ್ಕೂ ಕಿರ್ ಅನ್ನಲಿಲ್ಲ.

ಹಲ್ಲಿನ ಡಾಕ್ಟರ ಹೆಂಡತಿಗೆ ಮೇಳಕ್ಕೊಂದು ‘ಥೀಮ್’ ಬೇಕು. ಥೀಮ್ ಎಂದರೆ ಒಬ್ಬರಿಗೆ ಹಿಡಿದ ಹುಚ್ಚನ್ನು ಎಲ್ಲರಿಗೂ ಹಂಚುವುದು ಎಂದು ನಾನು ತಿಳಿದುಕೊಂಡಿದ್ದೇನೆ. ಈ ಸಲದ ಹುಚ್ಚು ಬಿಳಿ. ಮಕ್ಕಳೆಲ್ಲ ಬಿಳಿ ಬಟ್ಟೆಯಲ್ಲಿ ಬರಬೇಕಂತೆ. ಶಾಲೆಯ ಅಂಗಳದ ಕೆಂಪು ಮಣ್ಣನ್ನು ಆಕೆ ಕಾರಿನ ಗಾಜಿನೊಳಗಿಂದಲ್ಲದೆ ನೋಡಿಲ್ಲ. ಒಗೆಯುವವರು ಯಾರು ಎಂದು ಕೇಳಿದ್ದಕ್ಕೆ ‘ಒಂದು ದಿನ ಅಲ್ವಾ ಆಂಟಿ’ ಅಂದಳು. ನಾನು ಅವಳಿಗೆ ಆಂಟಿಯಂತೆ. ತಲೆಗೆ ಬಣ್ಣ ಹಚ್ಚಿಕೊಳ್ಳದಿದ್ದರೆ ಅವಳೇ ನನಗೆ ದೊಡ್ಡಮ್ಮನಾಗುತ್ತಾಳೆ. ಬಿಳಿ ಎಂದ ಮೇಲೆ ಹಿಮ ಬೇಡವೆ? ಹಾಲ್‌ನ ಕಿಟಕಿಗಳಿಗೆಲ್ಲ ಹತ್ತಿಯನ್ನು ಗೋಂದು ಹಚ್ಚಿ ಅಂಟಿಸಿದರು. ಹೇಗೆ ಕಾಣುತ್ತದೆ ನೋಡೋಣ ಎಂದು ಕಿಟಕಿ ತೆರೆದಿಟ್ಟು ಹೋದರು. ಮಾರನೆಯ ದಿನ ನಾನು ಬಾಗಿಲು ತೆಗೆದರೆ ಹಿಮವೂ ಇಲ್ಲ, ಗಿಮವೂ ಇಲ್ಲ. ಗೋಪುರದ ಪಾರಿವಾಳಗಳು ಅಷ್ಟನ್ನೂ ಕಿತ್ತು ಗೂಡಿಗೆ ಸಾಗಿಸಿದ್ದವು. ಈ ಊರಿನಲ್ಲಿ ಸಮಿತಿಯಿಂದ ಉಪಕಾರ ಆದದ್ದು ಇಷ್ಟರವರೆಗೆ ಆ ಪಾರಿವಾಳಗಳಿಗೆ ಮಾತ್ರ. ಮಿಠಾಯಿ ಅಂಗಡಿಯ ಹೊಣೆಯನ್ನೂ ಅವಳೇ ವಹಿಸಿಕೊಂಡಿದ್ದಾಳೆ. ಮಕ್ಕಳು ತಿನ್ನಲಿ, ಆಮೇಲೆ ಗಂಡನ ಕುರ್ಚಿಯಲ್ಲಿ ಬಾಯಿ ತೆರೆದು ಕೂರಲಿ.

ಹೊಸ ಫಾದರ್ ಒಳ್ಳೆಯ ಹುಡುಗ. ಯಾರು ಏನೆಂದರೂ ‘ಹೌದು ಹೌದು’ ಎನ್ನುತ್ತಾರೆ. ಹಿಮ ಬೇಕು ಎಂದಾಗ ಹೌದು, ಪಾರಿವಾಳ ಹೊತ್ತುಕೊಂಡು ಹೋಯಿತು ಎಂದಾಗಲೂ ಹೌದು.

ಈಗ ನಿಮಗೆ ಬೇಡದ ಮಾತಿಗೆ ಬರುತ್ತೇನೆ. ಕನ್ನಡಕ ತೆಗೆಯಬೇಡಿ, ಕಾಗದ ಮಡಚಬೇಡಿ. ಹೋದ ವರ್ಷ ನೀವು ಕ್ರಿಸ್‌ಮಸ್ ತಾತನಾಗಿ ಕೂತಿದ್ದಾಗ ಅಧ್ಯಕ್ಷರ ಮೊಮ್ಮಗಳು ತೊಡೆಯೇರಿ ಗಡ್ಡ ಹಿಡಿದು ಎಳೆದಳು. ಎಲಾಸ್ಟಿಕ್ ಫಟ್ಟೆಂದು ಕಿತ್ತು ಬಂತು. ‘ಅಯ್ಯೋ, ಇದು ನಮ್ಮ ಬಡಗಿ ತಾತ!’ ಎಂದು ಕಿರುಚಿದಳು. ಮಕ್ಕಳೆಲ್ಲ ಕೇಕೆ ಹಾಕಿದರು. ಅಷ್ಟಕ್ಕೇ ಮುಗಿದಿದ್ದರೆ ನೀವೂ ಅವರ ಜೊತೆ ನಗುತ್ತಿದ್ದಿರಿ, ನಗು ನಿಮ್ಮ ಮೀಸೆಯವರೆಗೆ ಬಂದದ್ದನ್ನು ನಾನು ಕಂಡೆ. ಆದರೆ ಅಧ್ಯಕ್ಷರ ಕೈಯಲ್ಲಿ ಮೈಕ್ ಇತ್ತಲ್ಲ. ‘ಪುಕ್ಕಟೆ ಸಿಕ್ಕ ತಾತ ಅಂದ್ರೆ ಹೀಗೇ ನೋಡಿ! ಮುಂದಿನ ವರ್ಷ ದುಡ್ಡು ಕೊಟ್ಟು ಒಳ್ಳೆ ತಾತನ್ನ ತರಿಸೋಣ’ ಎಂದರು. ಈಗ ದೊಡ್ಡವರು ನಕ್ಕರು. ನೀವು ಎದ್ದು, ಟೋಪಿ ಮಡಚಿ ಜೇಬಿಗಿಟ್ಟು, ಕೆಂಪು ಕೋಟಿನಲ್ಲೇ ಪೆಟ್ರೋಲ್ ಬಂಕಿನ ಮುಂದೆ, ಕ್ಷೌರದ ಅಂಗಡಿಯ ಮುಂದೆ ನಡೆದುಕೊಂಡು ಮನೆಗೆ ಬಂದಿರಿ. ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ನೀವು ಬಾಯಿಗೆ ಬೀಗ ಹಾಕಿಕೊಂಡರೆ ನಿಮ್ಮ ಪಾಲಿನದನ್ನೂ ನಾನೇ ಆಡಬೇಕಾಗುತ್ತದೆ. ನಾನು ಕುರಿಯ ಉಣ್ಣೆ ಬಿಡಿಸಿ ಬಿಡಿಸಿ ಮಾಡಿದ ಗಡ್ಡ, ಕುರ್ಚಿಗಳ ಕೆಳಗೆಲ್ಲ ಬಗ್ಗಿ ಹುಡುಕಿದೆ, ಸಿಗಲಿಲ್ಲ. ಗುಡಿಸುವವರು ಕಸಕ್ಕೆ ಹಾಕಿರಬೇಕು ಎಂದುಕೊಂಡೆ. ‘ಆ ಶಾಲೆಯ ಮೆಟ್ಟಿಲು ಇನ್ನು ಹತ್ತೋದಿಲ್ಲ’ ಎಂದು ನೀವು ಅವತ್ತು ರಾತ್ರಿ ಊಟದ ತಟ್ಟೆಯ ಮುಂದೆ ಆಣೆಯಿಟ್ಟಿರಿ. ತಟ್ಟೆಯ ಮುಂದೆ ಇಟ್ಟ ಆಣೆಗೆ ಪರಲೋಕದಲ್ಲಿ ಲೆಕ್ಕವಿಲ್ಲ ಎಂದು ನನ್ನ ನಂಬಿಕೆ, ಆದರೂ ಇರಲಿ.

ಅಧ್ಯಕ್ಷರು ಮಾತಿಗೆ ತಪ್ಪಲಿಲ್ಲ. ದುಡ್ಡಿನ ತಾತ ಗೊತ್ತಾಗಿದ್ದಾನೆ. ಮದುವೆಗೆ ಗೊಂಬೆ ವೇಷ, ಅಂಗಡಿ ಉದ್ಘಾಟನೆಗೆ ಕರಡಿ ವೇಷ ಹಾಕುವವನಂತೆ. ಸಭೆಗೆ ಬಂದು ಮುಖ ತೋರಿಸಿ ಹೋದ. ಪೊರಕೆ ಕಡ್ಡಿಯಂಥ ಆಳು. ಹೊಟ್ಟೆಗೆ ದಿಂಬು ಕಟ್ಟಿಕೊಳ್ಳುತ್ತಾನಂತೆ, ದಿಂಬನ್ನು ಸಮಿತಿಯವರು ಕೊಡಬೇಕಂತೆ. ‘ಹೋ ಹೋ’ ಎಂದು ನಗಿ ನೋಡೋಣ ಎಂದರೆ ಗಂಟಲಿಗೆ ಅಗುಳು ಸಿಕ್ಕಿದವನ ಹಾಗೆ ಕೆಮ್ಮಿದ. ‘ಗಂಟೆಗೆ ಎಷ್ಟು ಮಕ್ಕಳು ಬರ್ತಾರೆ ಸಾರ್? ಮಧ್ಯ ಮಧ್ಯ ರೆಸ್ಟ್ ಬೇಕಾಗುತ್ತೆ, ಫ್ಯಾನ್ ಇರೋ ರೂಮ್ ಕೊಡಿ’ ಎಂದ. ಅವನಿಗಾಗಿ ಪ್ಲೈವುಡ್ಡಿನ ಗುಹೆ ಕಟ್ಟಿಸುತ್ತಾರೆ. ಗುಹೆಯೊಳಗೆ ಹೋಗಲು ಚೀಟಿ. ಕೆಂಪು ಚೀಟಿಗೆ ಸಣ್ಣ ಉಡುಗೊರೆ, ಹಸಿರಿಗೆ ಮಧ್ಯಮ, ಬಂಗಾರದ ಬಣ್ಣದ್ದಕ್ಕೆ ದೊಡ್ಡದು ಮತ್ತು ತಾತನ ಜೊತೆ ಫೋಟೋ. ಚೀಟಿ ಕೊಳ್ಳಲಾಗದ ಮಗು ಏನು ಮಾಡಬೇಕು ಎಂದು ನಾನು ಪುಟ್ಟ ಕುರ್ಚಿಯಿಂದಲೇ ಕೇಳಿದೆ. ಅಧ್ಯಕ್ಷರು ಸೋಫಾದಿಂದ ಜಾರುತ್ತಾ, ‘ಹೊರಗಿಂದ ನೋಡಿಕೊಂಡು ಹೋಗ್ಲಿ ಬಿಡಮ್ಮ, ನೋಡೋದಕ್ಕೇನು ನಾವು ದುಡ್ಡು ಕೇಳ್ತೀವಾ?’ ಎಂದರು. ಎಷ್ಟು ದೊಡ್ಡ ಮನಸ್ಸು ನೋಡಿ.

ಮತ್ತೆ ನಿಮ್ಮ ಚೀಲದ ಗತಿ ಏನು ಎನ್ನುತ್ತೀರಾ? ನಿಮಗೆ ಅದೇ ಚಿಂತೆ ಎಂದು ಗೊತ್ತು, ಬಾಯಿ ಬಿಟ್ಟು ಕೇಳುವುದಿಲ್ಲ ಅಷ್ಟೆ. ಆಗಮನ ಕಾಲ ಶುರುವಾದ ಕೂಡಲೆ ಶಾಲೆಯ ವರಾಂಡದಲ್ಲಿ ಚೀಲ ತೂಗುಹಾಕುವುದು, ಪ್ರತಿಯೊಂದು ಮಗುವೂ ಮನೆಯಿಂದ ಹಳೆಯದೋ ಮುರಿದದ್ದೋ ಒಂದು ಆಟಿಕೆ ತಂದು ಅದರಲ್ಲಿ ಹಾಕುವುದು, ನೀವು ಅದನ್ನು ಹೊತ್ತು ತಂದು ನಮ್ಮ ಹಿತ್ತಲ ಕೊಟ್ಟಿಗೆಯಲ್ಲಿ ಒಂದೊಂದನ್ನೇ ಸರಿಮಾಡುವುದು, ಮೇಳದ ದಿನ ಮಕ್ಕಳು ಕಣ್ಣು ಮುಚ್ಚಿ ಕೈ ಹಾಕಿ ಒಂದೊಂದು ತೆಗೆದುಕೊಳ್ಳುವುದು. ಯಾರು ತಂದದ್ದು ಯಾರಿಗೆ ಹೋಯಿತು ಎಂದು ಯಾರಿಗೂ ಗೊತ್ತಿಲ್ಲ. ಬರೀ ಒಂದು ಚಕ್ರ ತಂದವಳಿಗೂ ಇಡೀ ಗಾಡಿ ಸಿಕ್ಕೀತು. ಇಷ್ಟು ವರ್ಷ ನಡೆದ ಆ ಪದ್ಧತಿಯನ್ನು ಸಮಿತಿಯವರು ಒಂದು ಕೇಕ್ ತುಂಡು ನುಂಗುವಷ್ಟರಲ್ಲಿ ತೆಗೆದುಹಾಕಿದರು. ಅಧ್ಯಕ್ಷರಿಗೆ ಅದು ‘ಗುಜರಿ’. ಹಲ್ಲಿನ ಡಾಕ್ಟರ ಹೆಂಡತಿಗೆ ‘ಇನ್‌ಫೆಕ್ಷನ್’. ಅದರ ಬದಲು ಪ್ರತಿಯೊಂದು ಮಗುವೂ ಅಂಗಡಿಯ ಹೊಸ ಆಟಿಕೆ ಕೊಂಡು, ಹೊಳೆಯುವ ಕಾಗದ ಸುತ್ತಿಸಿ ತರಬೇಕು. ಅದನ್ನೇ ಚೀಟಿಯ ಬಣ್ಣ ನೋಡಿ ಹಂಚುವುದು. ಫಾದರ್ ‘ಹೌದು’ ಅಂದರು.

ಆಗ ನನಗೆ ತಡೆಯಲಾಗಲಿಲ್ಲ ರೀ. ಎದ್ದು ನಿಂತು, ‘ಯೇಸುಸ್ವಾಮಿ ಬೆಳೆದದ್ದು ಬಡಗಿಯ ಮನೆಯಲ್ಲಿ. ಸಂತ ಜೋಸೆಫರು ಸೋಫಾ ಮಾರಲಿಲ್ಲ. ಅವರ ಮನೆಯ ಹಬ್ಬ ಮಾಡೋಕೆ ಹೊರಟು ಬಡಗಿಯನ್ನೇ ಹೊರಗೆ ಹಾಕ್ತೀರಲ್ಲ, ನಿಮಗೆ ಹೆದರಿಕೆ ಆಗಲ್ವಾ?’ ಎಂದೆ. ಹಾಲ್‌ನಲ್ಲಿ ಪ್ಲಾಸ್ಟಿಕ್ ಕವರಿನ ಸದ್ದೂ ನಿಂತಿತು. ಅಧ್ಯಕ್ಷರು ತುಂಬ ಯೋಚನೆ ಮಾಡಿದವರ ಹಾಗೆ ತಲೆದೂಗಿ, ‘ಒಳ್ಳೆ ಮಾತು ನೆನಪು ಮಾಡಿದ್ರಿ. ಗುಹೆ ಪಕ್ಕ ಒಂದು ಗೋದಲೀನೂ ಇಡಿಸೋಣ, ಬರ್ಕೊಳ್ಳಿ’ ಎಂದರು. ಕಲ್ಲಿಗೆ ಹೇಳಿದ್ದರೆ ಅದಾದರೂ ಸುಮ್ಮನಿರುತ್ತಿತ್ತು. ಬಾಲಯೇಸುವನ್ನು ಗುಹೆ ಪಕ್ಕದ ಗೂಡಂಗಡಿಯ ಹಾಗೆ ಕೂರಿಸುತ್ತಾರೆ. ಅಲ್ಲಿಗೂ ಒಂದು ಚೀಟಿ ಇಡದಿದ್ದರೆ ಪುಣ್ಯ.

ಶನಿವಾರ ಪಾಪನಿವೇದನೆಗೆ ಹೋದೆ. ಮೊಣಕಾಲೂರಿ, ‘ಜನರನ್ನು ತುಚ್ಛವಾಗಿ ಕಂಡೆ ಫಾದರ್’ ಎಂದೆ. ‘ಯಾರನ್ನಮ್ಮ?’ ಎಂದರು. ‘ಮೇಳದ ಸಮಿತಿಯವರನ್ನ’ ಎಂದೆ. ಜಾಲರಿಯ ಆಚೆಯಿಂದ ಒಂದು ನಿಟ್ಟುಸಿರು ಬಂತು. ‘ನಾನೂ ಅಮ್ಮ’ ಎಂದರು ಆ ಹುಡುಗ. ಅವರು ಹೌದು ಎನ್ನದೆ ಬೇರೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಪ್ರಾಯಶ್ಚಿತ್ತಕ್ಕೆ ಒಂದು ಜಪಮಾಲೆ ಹೇಳಲು ತಿಳಿಸಿದರು. ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಸೋಫಾ ನೆನಪಿಗೆ ಬಂದು ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು.

ತುಚ್ಛ ಎನ್ನುವಾಗ ನಿಮ್ಮನ್ನೂ ಬಿಟ್ಟಿಲ್ಲ, ತಿಳಿದಿರಲಿ. ಈ ವಯಸ್ಸಿನಲ್ಲಿ ಗಡ್ಡ ಕಿತ್ತುಬಂತೆಂದು ಮುನಿಸಿಕೊಂಡು ತಮ್ಮನ ಮನೆ ಸೇರಿಕೊಳ್ಳುವುದೆ? ಸೋಫಾ ಅಂಗಡಿಯವರು ಆಡಿದ ಒಂದು ಮಾತನ್ನು ಇಡೀ ವರ್ಷ ಜೇಬಿನಲ್ಲಿಟ್ಟುಕೊಂಡು ತಿರುಗಿದಿರಲ್ಲ, ಅದೇನು ಅಷ್ಟು ಬೆಲೆಬಾಳುವ ಮಾತೆ? ಮಕ್ಕಳಿಗೆ ತಾತನ ಗುಟ್ಟು ಬಯಲಾಯಿತು, ಇನ್ನು ನನ್ನನ್ನು ಯಾರು ನಂಬುತ್ತಾರೆ ಎಂದು ಗೋಡೆ ಕಡೆ ತಿರುಗಿ ಮಲಗಿದ್ದಿರಿ. ನಿಮಗೆ ಮರ ಅರ್ಥವಾಗುತ್ತದೆ, ಮಕ್ಕಳು ಅರ್ಥವಾಗುವುದಿಲ್ಲ ಎಂದು ನಾನು ಈಗ ಧೈರ್ಯವಾಗಿ ಹೇಳಬಲ್ಲೆ. ಯಾಕೆ ಅಂದರೆ ಇನ್ನೊಂದು ಸಣ್ಣ ಸುದ್ದಿ ಇದೆ.

ಹೋದ ವಾರ ಶಾಲೆಯ ವರಾಂಡದಲ್ಲಿ ಚೀಲ ತೂಗುತ್ತಿದ್ದ ಕೊಕ್ಕೆಗೆ ಸಮಿತಿಯ ಸೂಚನೆಯ ರಟ್ಟು ನೇತುಹಾಕಿದರು, ಅದರ ಕೆಳಗೆ ಹೊಸ ಆಟಿಕೆಗಳಿಗೆಂದು ಬಿಳಿ ಬಟ್ಟೆ ಹಾಸಿದ ಮೇಜು. ಅವತ್ತು ಶಾಲೆ ಬಿಟ್ಟ ಮೇಲೆ ನಾನು ಮನೆಯಲ್ಲಿ ದೇವದೂತರ ವೇಷದ ರೆಕ್ಕೆ ಹೊಲಿಯುತ್ತಾ ಕೂತಿದ್ದೆ. ಗೇಟಿನಲ್ಲಿ ಬಕೆಟ್ ತರಗತಿಯ ಒಂದು ಹುಡುಗಿ. ಕೈಯಲ್ಲಿ ಕತ್ತು ಮುರಿದ ಮರದ ಜಿರಾಫೆ, ಕತ್ತು ಒಂದು ಕೈಯಲ್ಲಿ, ಮೈ ಇನ್ನೊಂದು ಕೈಯಲ್ಲಿ. ‘ತಾತ ಇದಾರಾ?’ ಎಂದಳು. ಯಾವ ತಾತ ಎಂದೆ. ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿ, ‘ಕ್ರಿಸ್‌ಮಸ್ ತಾತ. ಇದೇ ಅಲ್ವಾ ಅವರ ಮನೆ?’ ಎಂದಳು. ಇಲ್ಲಮ್ಮ, ಊರಿಗೆ ಹೋಗಿದ್ದಾರೆ ಎಂದೆ. ‘ಚೀಲ ಅಲ್ಲಿಲ್ಲ. ಅದಕ್ಕೇ ಇಲ್ಲಿಗೇ ತಂದೆ. ಕತ್ತು ಅಂಟಿಸ್ಬೇಕು, ಹೇಳಿ’ ಎಂದು ನೇರವಾಗಿ ಹಿತ್ತಲಿಗೆ ಹೋಗಿ ನಿಮ್ಮ ಬೆಂಚಿನ ಮೇಲೆ ಇಟ್ಟು ಓಡಿದಳು. ಮಾರನೆಯ ದಿನ ಮತ್ತೆ ಕೆಲವರು. ಆಮೇಲೆ ಒಬ್ಬರ ಹಿಂದೆ ಒಬ್ಬರು. ಒಕ್ಕಣ್ಣಿನ ಗೊಂಬೆ, ಹೊಟ್ಟೆ ಹರಿದ ತಮಟೆ, ಚಕ್ರವಿಲ್ಲದ ರೈಲು, ರೈಲಿಲ್ಲದ ಚಕ್ರ. ಒಬ್ಬಳು ಗಟ್ಟಿಮುಟ್ಟಾದ ಬುಗುರಿ ತಂದು, ‘ಇದು ಮುರಿದಿಲ್ಲ ಅಜ್ಜಿ, ಪರವಾಗಿಲ್ವಾ? ಬೇಕಾದ್ರೆ ಮುರ್ಕೊಂಡು ಬರ್ತೀನಿ’ ಎಂದಳು. ಸದ್ಯ, ಬೇಡ ಎಂದೆ.

ಅರ್ಥವಾಯಿತೆ ನಿಮಗೆ? ಗಡ್ಡ ಬಿದ್ದದ್ದು ಅವರಿಗೆ ಮೋಸ ಎಂದು ಅನ್ನಿಸಿಯೇ ಇಲ್ಲ. ವಿಳಾಸ ಸಿಕ್ಕಿತು ಎಂದುಕೊಂಡಿದ್ದಾರೆ. ತಾತನಿಗೆ ವರ್ಷವೆಲ್ಲ ಬಡಗಿ ಕೆಲಸ, ಡಿಸೆಂಬರಿನಲ್ಲಿ ತಾತನ ಕೆಲಸ, ಪೆಟ್ರೋಲ್ ಬಂಕ್ ದಾಟಿ ಎಡಕ್ಕೆ ತಿರುಗಿದರೆ ನೀಲಿ ಗೇಟಿನ ಮನೆ. ಇಷ್ಟೇ ಅವರ ಲೆಕ್ಕ. ದೊಡ್ಡವರು ನಕ್ಕದ್ದು ಯಾಕೆಂದು ಅವರಿಗೆ ಇಂದಿಗೂ ತಿಳಿದಂತಿಲ್ಲ.

ಅತ್ತ ಸಮಿತಿಯ ಮೇಜಿನ ಮೇಲೆ ಬಿಳಿ ಬಟ್ಟೆ ಮಾತ್ರ ಇದೆ. ಹಲ್ಲಿನ ಡಾಕ್ಟರ ಹೆಂಡತಿಯೇ ತಂದಿಟ್ಟ ಒಂದು ಪೊಟ್ಟಣ ಬಿಟ್ಟರೆ ಒಂದು ನರಪಿಳ್ಳೆಯೂ ಏನೂ ತಂದಿಲ್ಲ. ತಂದೆತಾಯಿಗಳಿಗೆ ಸಹಕಾರ ಬುದ್ಧಿ ಇಲ್ಲ ಎಂದು ಇವತ್ತು ಪೂಜೆ ಮುಗಿದ ಮೇಲಿನ ಸಭೆಯಲ್ಲಿ ಅಧ್ಯಕ್ಷರು ಅರ್ಧ ಗಂಟೆ ದುಃಖಪಟ್ಟರು. ಮಕ್ಕಳ ಆಟಿಕೆಗಳೆಲ್ಲ ನಮ್ಮ ಹಿತ್ತಲಿಗೆ ಬಂದು ಬೀಳುತ್ತಿವೆ ಎಂದು ನಾನು ಹೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ. ಇದು ಸುಳ್ಳಿನ ಲೆಕ್ಕಕ್ಕೆ ಬರುವುದಿಲ್ಲ ತಾನೆ? ಬಂದರೆ ಮುಂದಿನ ಶನಿವಾರ ನೋಡಿಕೊಳ್ಳುತ್ತೇನೆ.

ನೀವು ಶಾಲೆಯ ಮೆಟ್ಟಿಲು ಹತ್ತಬೇಡಿ. ಆಣೆ ಮುರಿಯಿರಿ ಎಂದು ನಾನು ಹೇಳುವುದಿಲ್ಲ. ಅವರ ಗುಹೆಯಲ್ಲಿ ಅವರ ಕಡ್ಡಿ ತಾತ ದಿಂಬು ಕಟ್ಟಿಕೊಂಡು ಕೂರಲಿ, ಬೇಕಾದವರು ಬಂಗಾರದ ಚೀಟಿ ಕೊಳ್ಳಲಿ, ಸೂರಿಗೆ ನಾಲ್ಕು ಕಾಸಾದರೂ ಸೇರಲಿ. ಆದರೆ ನಮ್ಮ ಕೊಟ್ಟಿಗೆಗೆ ಮೆಟ್ಟಿಲೇ ಇಲ್ಲ. ಅದನ್ನು ಮಾತ್ರ ಯೋಚನೆ ಮಾಡಿ. ಮೇಳ ಹತ್ತೊಂಬತ್ತನೆಯ ತಾರೀಖು, ಶನಿವಾರ. ಕಿಟಕಿಗಳು ಓಡಿಹೋಗುವುದಿಲ್ಲ.

ಮೈದುನನಿಗೆ ನನ್ನ ಆಶೀರ್ವಾದ ತಿಳಿಸಿ. ಓರಗಿತ್ತಿಗೂ ತಿಳಿಸಿ, ಅವಳಿಗೆ ಬೇಕಿದ್ದರೆ. ಮಾತೆ ಮರಿಯಮ್ಮ ನಿಮ್ಮ ಮಂಡಿಯ ಬಿಗಿತವನ್ನೂ ಮನಸ್ಸಿನ ಬಿಗಿತವನ್ನೂ ಒಟ್ಟಿಗೆ ಸಡಿಲಿಸಲಿ ಎಂದು ದಿನವೂ ಕೇಳಿಕೊಳ್ಳುತ್ತಿದ್ದೇನೆ.

ಇಂತಿ,
ನೀವು ಕರೆಯುವ ಹೆಸರಿನಲ್ಲೇ,
ನಿಮ್ಮ ಬಾಯಿಬಡುಕಿ

ತಾ.ಕ.: ಲಕೋಟೆಗೆ ಹಾಕಿದವಳು ಮತ್ತೆ ತೆಗೆದು ಬರೆಯುತ್ತಿದ್ದೇನೆ, ಅಕ್ಷರ ಓಡುತ್ತಿದೆ, ಕ್ಷಮಿಸಿ. ಸ್ವಲ್ಪ ಹೊತ್ತಿನ ಹಿಂದೆ ಗೇಟಿನ ಹತ್ತಿರ ಬಂದು ನಿಂತದ್ದು ಅಧ್ಯಕ್ಷರ ಮೊಮ್ಮಗಳು. ಅಷ್ಟು ದೂರದಿಂದ ಒಬ್ಬಳೇ ನಡೆದುಕೊಂಡು ಬಂದಿದ್ದಾಳೆ, ಮನೆಯಲ್ಲಿ ಹೇಳಿಲ್ಲವಂತೆ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಮೊದಲು ಒಳಗೆ ಬರಲಿಲ್ಲ. ‘ಇದು ಮುರಿದುಹೋಗಿದೆ. ನಾನೇ ಮುರಿದಿದ್ದು. ತಾತ ಸರಿ ಮಾಡ್ತಾರಾ?’ ಎಂದಳು. ಬಿಚ್ಚಿ ನೋಡಿದರೆ ನಿಮ್ಮ ಗಡ್ಡ ರೀ. ಇಡೀ ವರ್ಷ ತನ್ನ ಬಟ್ಟೆಗಳ ಅಡಿಯಲ್ಲಿ ಬಚ್ಚಿಟ್ಟುಕೊಂಡಿದ್ದಳಂತೆ. ಸೋಪು ಹಾಕಿ ತೊಳೆದಿದ್ದಾಳೆ, ಉಣ್ಣೆಯೆಲ್ಲ ಗಂಟುಗಂಟಾಗಿದೆ. ‘ತಾತಂಗೆ ನನ್ನ ಮೇಲೆ ಕೋಪಾನಾ? ಅದಕ್ಕೇ ಹೋಗ್ಬಿಟ್ರಾ?’ ಎಂದು ಕೇಳಿದಳು. ಛೇ ಇಲ್ಲಮ್ಮ, ಕಿಟಕಿ ಮಾಡೋಕೆ ಹೋಗಿದ್ದಾರೆ ಎಂದೆ. ನಿಮಗೋಸ್ಕರ ಇನ್ನೊಂದು ಸುಳ್ಳು ನನ್ನ ತಲೆಗೆ. ಟೀ ಕುಡಿಸಿ, ಬ್ರೆಡ್ ಕೊಟ್ಟು, ಅವಳ ಮನೆಯ ಬೀದಿಯ ತಿರುವಿನವರೆಗೆ ಬಿಟ್ಟು ಬಂದೆ. ಬಂದವಳೇ ಗಡ್ಡದ ಗಂಟು ಬಿಡಿಸಿ, ನಿಂತ ಕಾಲಲ್ಲೇ ಹೊಸ ಎಲಾಸ್ಟಿಕ್ ಹೊಲಿದೆ. ಅದು ನನ್ನ ಕೆಲಸ, ಆಯಿತು. ಬೆಂಚಿನ ಮೇಲಿರುವುದಕ್ಕೆ ನನ್ನ ಸೂಜಿ ಸಾಲದು.

ಆದರೂ ಒಂದು ಕೈ ನೋಡಿದೆ. ಜಿರಾಫೆಯ ಕತ್ತಿಗೆ ಒಂದು ಕಡ್ಡಿ ಬೇಕಾಗಿತ್ತು, ನಿಮ್ಮ ಸಣ್ಣ ಗರಗಸ ತೆಗೆದು ಒಂದು ಹಲಗೆ ಕೊಯ್ದೆ. ಒಳಗೆ ಮೊಳೆ ಇದ್ದದ್ದು ಕಾಣಲಿಲ್ಲ. ಗರಗಸದ ಹಲ್ಲು ಉದುರಿಹೋಗಿದೆ. ಬೈಯುವುದಿದ್ದರೆ ಬಂದು ಬೈಯಿರಿ.